ಗುಬ್ಬಿಯ ಕಿವಿ

ಮಾರ್ಚ್ ೩, ಸೋಮವಾರ

ನನಗೆ ಮದುವೆಯಾಯಿತು, ಆಗಿ ಒಂಬತ್ತು ದಿನವಾಯಿತು, ನನ್ನವರು ನಾನು ಕನಸು ಕಂಡದ್ದಕ್ಕಿಂತ ಎರಡು ಇಂಚು ಎತ್ತರ, ಮತ್ತು ನನ್ನವರ ಅಣ್ಣ ಬೇರೆ ಯಾರೂ ಅಲ್ಲ, ಗುಬ್ಬಿಯ ಕಿವಿ! ಮೊದಲ ಸಾಲಿನಲ್ಲೇ ಎಲ್ಲ ಒದರಿಬಿಟ್ಟೆ. ನನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಎಂದು ಅಮ್ಮ ಸುಮ್ಮನೆ ಹೇಳುತ್ತಿರಲಿಲ್ಲ.

ಹನ್ನೆರಡು ವರ್ಷ ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಬರೆದವಳು ನಾನು. ಆದರೆ ಈ ಸಂತೋಷವನ್ನು ಇಂಗ್ಲಿಷಿನಲ್ಲಿ ಬರೆಯಹೋದರೆ ಹೆಡ್‌ಮಿಸ್‌ಗೆ ಕೊಡುವ ರಜಾ ಅರ್ಜಿಯ ಹಾಗೆ ಕಾಣುತ್ತದೆ. ಆದ್ದರಿಂದ ಮನೆಮಾತು. ಕಾಗುಣಿತ ತಪ್ಪಿದರೆ ಕಿವಿ ಹಿಂಡುವವರು ಇಲ್ಲಿ ಯಾರೂ ಇಲ್ಲ.

ಗುಬ್ಬಿ! ನಾಲ್ಕೂಮುಕ್ಕಾಲು ಅಡಿ ಹೆಂಗಸು, ಗಂಟಲು ಮಾತ್ರ ಆನೆಯದು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಹಲ್ಲಿನ ಡಾಕ್ಟರ ಬಾಗಿಲಲ್ಲಿ, ಎಲ್ಲೆಲ್ಲೂ ಅವಳದೇ ಹಾಡು. ಹದಿನೈದು ವರ್ಷದಿಂದ ಅವಳ ಸೌಂಡ್ ನೋಡಿಕೊಳ್ಳುತ್ತಿರುವವರು ಭಾವ. ವೇದಿಕೆಯ ಮೇಲೆ ಅವಳಿಗೆ ತನ್ನ ದನಿ ಎಷ್ಟು ಕೇಳಬೇಕು, ಡ್ರಮ್ ಎಷ್ಟು ಕೇಳಬೇಕು, ಎಲ್ಲ ಭಾವನ ಬೆರಳ ತುದಿಯಲ್ಲಿ. ಅದಕ್ಕೇ ಜನ ಇಟ್ಟ ಹೆಸರು ಗುಬ್ಬಿಯ ಕಿವಿ. ಮದುವೆಯಾಗಿಲ್ಲ. "ಅವನು ಆ ಗಂಟಲನ್ನೇ ಕಟ್ಕೊಂಡಿದಾನೆ, ಇನ್ನೊಬ್ಬಳು ಯಾಕೆ" ಎನ್ನುತ್ತಾರೆ ಅತ್ತೆಯವರು.

ಅತ್ತೆಯವರ ನಾಲಿಗೆ ಕತ್ತರಿ. ಇವತ್ತು ನಾನು ಅಡುಗೆಮನೆಯಲ್ಲಿ ಕಣ್ಣೀರು ಸುರಿಸುತ್ತಿದ್ದಾಗ, "ಇಂಗ್ಲಿಷು ಓದಿದವಳಿಗೆ ಈರುಳ್ಳಿ ಹೆಚ್ಚೋಕೂ ಡಿಕ್ಷನರಿ ಬೇಕೇನೋ" ಎಂದರು. ಹೆಸರು ಹಿಡಿದು ಕರೆಯುವುದಿಲ್ಲ. "ಏ, ಇವಳೇ." ಅಷ್ಟೇ. ಪರವಾಗಿಲ್ಲ! ಒಂದು ತಿಂಗಳಲ್ಲಿ ಬೆಣ್ಣೆಯ ಹಾಗೆ ಕರಗಿಸುತ್ತೇನೆ. ಭಾವ ಆಗಲೇ ನನಗೆ "ಕಾನ್ವೆಂಟು" ಎಂದು ಹೆಸರಿಟ್ಟಿದ್ದಾರೆ. ಶುಕ್ರವಾರ ಸ್ಟುಡಿಯೋಗೆ ಕರೆದುಕೊಂಡು ಹೋಗುತ್ತಾರಂತೆ! ನಿದ್ದೆ ಬರುವ ಮಾತೇ ಇಲ್ಲ.

ಮಾರ್ಚ್ ೭, ಶುಕ್ರವಾರ

ಮಧ್ಯಾಹ್ನ ಮೂರು ಗಂಟೆ. ಈಗ ಬರೆಯದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಗುಬ್ಬಿ ನನ್ನ ಗಲ್ಲ ಹಿಂಡಿದಳು!

ಸ್ಟುಡಿಯೋ ಎಂದರೆ ಏನೇನೋ ಊಹಿಸಿದ್ದೆ. ಟೈರ್ ಅಂಗಡಿಯ ಮೇಲೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಗೋಡೆಗೆಲ್ಲ ಮೊಟ್ಟೆ ಟ್ರೇಯಂಥ ಸ್ಪಂಜು. ಅವಳು ಹವಾಯಿ ಚಪ್ಪಲಿಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ನನ್ನನ್ನು ನೋಡಿ, "ಅಣ್ಣಾ, ಇಷ್ಟು ಚೆಂದದ ಹುಡುಗೀನ ಆ ನಿನ್ನ ಪೆದ್ದು ತಮ್ಮನಿಗೆ ಯಾರಪ್ಪಾ ಕೊಟ್ಟೋರು?" ಎಂದಳು. ಭಾವನನ್ನು ಅವಳು ಅಣ್ಣ ಎನ್ನುತ್ತಾಳೆ!

ಹಾಡುವ ಮೊದಲು ಒಂದು ಚಂದದ ಕ್ರಮವಿದೆ. ಅವಳು ಕೈಚೀಲದಿಂದ ಕನ್ನಡಕದ ಡಬ್ಬಿ ತೆಗೆದು ಭಾವನಿಗೆ ಕೊಡುತ್ತಾಳೆ. ಅದರೊಳಗೆ ಅವಳ ಕಿವಿಯದೇ ಅಚ್ಚು ತೆಗೆದು ಮಾಡಿದ ಎರಡು ಪುಟ್ಟ ಇಯರ್‌ಪೀಸು. ನೋಡಲು ಜೆಲ್ಲಿಯ ತುಂಡಿನ ಹಾಗೆ. ನೀಲಿ ಚುಕ್ಕೆಯದು ಎಡಕ್ಕೆ, ಕೆಂಪು ಚುಕ್ಕೆಯದು ಬಲಕ್ಕೆ. ಮೊದಲು ಎಡ, ಆಮೇಲೆ ಬಲ, ಭಾವನೇ ಹಾಕಬೇಕು. ನಾನೂ ಒಂದು ಸಲ ಹಾಕಿಕೊಂಡು ನೋಡಲಾ ಎಂದು ಕೇಳಿಯೇಬಿಟ್ಟೆ. "ನಿನ್ನ ಕಿವಿಗೆ ಕೂರೋದಿಲ್ಲ ತಾಯಿ, ನನ್ನ ಕಿವಿ ಬೇರೆ" ಎಂದು ನಕ್ಕಳು. ಕೆಲಸ ಮುಗಿದ ಮೇಲೆ ಡಬ್ಬಿ ತಿರುಗಿ ಅವಳ ಚೀಲಕ್ಕೆ. ಭಾವನ ಮನೆಗೆ ಒಂದು ದಿನವೂ ಬಂದದ್ದಿಲ್ಲವಂತೆ.

ಒಂದೇ ಸಾಲು ಹಾಡಿದಳು. ಎಲ್ಲೋ ಕೀ ಎಂದು ಸೀಟಿ ಶುರುವಾಯಿತು. ನನ್ನ ಹಲ್ಲು ಜುಂ ಎಂದಿತು. ಭಾವ ಒಂದೊಂದೇ ಗುಬುಟು ತಿರುಗಿಸಿದರು. ಸೀಟಿ ಹೋಗಲಿಲ್ಲ. ಆಗ ಅವಳು ತಾನೇ ಇಯರ್‌ಪೀಸು ಕಿತ್ತು, ಹತ್ತಿರ ಬಂದು, ಭಾವನ ಹೆಗಲ ಮೇಲೆ ಕೈಯಿಟ್ಟು, "ಅಣ್ಣಾ, ಸೋಮವಾರದಿಂದ ನೀನು ಮನೇಲಿರು. ಹೊಸಬನಿಗೆ ಹೇಳಿದೀನಿ. ಎರಡು ವರ್ಷ ಯಾರ ಹತ್ರಾನೂ ಬಾಯಿಬಿಟ್ಟಿಲ್ಲ ನಾನು. ಇನ್ನು ಸಾಕು" ಎಂದಳು. ಎಂಥ ದೊಡ್ಡ ಮನಸ್ಸು! ಹದಿನೈದು ವರ್ಷ ದುಡಿದವರಿಗೆ ತಾನಾಗಿ ವಿಶ್ರಾಂತಿ ಕೊಡುವವರು ಎಷ್ಟು ಜನ? ಭಾವ ನಕ್ಕರು. ಆಮೇಲೆ ಮೈಕಿನ ವೈರು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಶಿಸ್ತು ಎಂದರೆ ಅದು.

ಸಂಜೆ ಆರಕ್ಕೆ ಅವಳೊಬ್ಬಳೇ ಬಂದು ಹೊಸ ಹಾಡು ಕಲಿಯುತ್ತಾಳಂತೆ. ಬಾಗಿಲು ತೆಗೆದುಕೊಡು ಎಂದು ಡ್ರೈವರನಿಗೆ ಹೇಳುತ್ತಿದ್ದಳು. ನಾನು ಮೆಟ್ಟಿಲಿಳಿಯುವಾಗ ಮೇಲಿನಿಂದ ಕೈಬೀಸಿದಳು. ನನಗೆ! ನನ್ನೊಬ್ಬಳಿಗೇ!

ಮಾರ್ಚ್ ೮, ಶನಿವಾರ

ಗುಬ್ಬಿ ಇಲ್ಲ.

ಬೆಳಿಗ್ಗೆ ಟಿವಿಯಲ್ಲಿ ಬಂತು. ನಿನ್ನೆ ಸ್ಟುಡಿಯೋದಲ್ಲೇ, ಮೈಕಿನ ವೈರು ಕುತ್ತಿಗೆಗೆ ಬಿಗಿದು. ಆರಕ್ಕೂ ಏಳೂವರೆಗೂ ನಡುವೆ ಎನ್ನುತ್ತಾರೆ. ನಾನು ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟು ಅತ್ತುಬಿಟ್ಟೆ. ಭಾವ ಫ್ರಿಜ್ಜಿಗೆ ತಲೆ ಆನಿಸಿ ನೆಲದ ಮೇಲೆ ಕೂತುಬಿಟ್ಟಿದ್ದರು. ಎಬ್ಬಿಸಲು ಯಾರಿಂದಲೂ ಆಗಲಿಲ್ಲ.

ಹತ್ತು ಗಂಟೆಗೆ ಇನ್‌ಸ್ಪೆಕ್ಟರ್ ಬಂದರು. ಪಾಪ, ಭಯಂಕರ ನೆಗಡಿ.

"ಬೀಗ ಒಡೆದಿಲ್ಲ," ಎಂದರು. "ಬೀಗದ ಕೈ ಇರೋದು ಎರಡೇ. ಒಂದು ಡ್ರೈವರ್ ಹತ್ರ, ಒಂದು ನಿಮ್ಮ ಹತ್ರ. ನಿನ್ನೆ ಸಂಜೆ ಎಲ್ಲಿದ್ರಿ?"

ಭಾವ ಬಾಯಿ ತೆರೆಯುವ ಮೊದಲೇ ಅತ್ತೆಯವರು ಮುಂದೆ ಬಂದರು. "ಎಲ್ಲಿರ್ತಾನೆ ಸ್ವಾಮಿ, ಮನೇಲೇ. ತಲೆನೋವು ಅಂತ ಐದೂವರೆಗೆ ಬಂದು ಮಲಗಿದೋನು ಬೆಳಗಿನ ತನಕ ಎದ್ದಿಲ್ಲ. ಏಳಕ್ಕೆ ರೂಮಿಗೇ ತಗೊಂಡ್ಹೋಗಿ ಊಟ ಬಡಿಸಿದ್ದು ನಮ್ಮ ಸೊಸೆ. ಅಲ್ವಾ ಮಗಳೇ?"

ಮಗಳೇ! ಹದಿನಾಲ್ಕು ದಿನದಲ್ಲಿ ಮೊದಲ ಸಲ!

"ಹೌದು ಸರ್," ಎಂದೆ. "ಎರಡು ಸಲ ಹಾಕಿಸಿಕೊಂಡ್ರು."

ಎರಡು ಸಲ ಎಂಬುದು ನಾನೇ ಸೇರಿಸಿದ್ದು. ಹಾಗೆ ನೋಡಿದರೆ ಬಡಿಸಿದ್ದೂ ನಾನಲ್ಲ. ರೂಮಿನ ಬಾಗಿಲು ಮುಚ್ಚಿತ್ತು, ತಟ್ಟೆ ಒಳಗೆ ಒಯ್ದವರು ಅತ್ತೆಯವರು, ಖಾಲಿ ತಟ್ಟೆ ತಂದವರೂ ಅವರೇ. ಆದರೆ ಅವರು ಬಡಿಸಿದರೇನು ನಾನು ಬಡಿಸಿದರೇನು, ಊಟ ಊಟವೇ ತಾನೆ? ಇಂಥ ದಿನದಲ್ಲಿ ಅತ್ತೆಯ ಮಾತಿಗೆ ಅಡ್ಡ ಬರುವ ಸೊಸೆ ಸೊಸೆಯೇ? "ಓದಿದೋರು ಹೇಳಿದ್ರೆ ಬರ್ಕೊಳ್ಳೋದು ಸುಲಭ ನೋಡಿ" ಎಂದು ಇನ್‌ಸ್ಪೆಕ್ಟರ್ ಮೂಗು ಒರೆಸಿಕೊಂಡರು. ನಾನು ಇಂಗ್ಲಿಷಿನಲ್ಲಿ, ಕೆಳಗೆ ಗೆರೆ ಎಳೆದು, ಸಹಿ ಮಾಡಿದೆ.

ಇಷ್ಟು ದುಃಖದ ದಿನ ನನಗೆ ಒಳಗೊಳಗೇ ಖುಷಿಯಾದದ್ದು ತಪ್ಪು. ಆದರೂ ಆಯಿತು.

ಮಾರ್ಚ್ ೧೦, ಸೋಮವಾರ

ಸಿಕ್ಕಿಬಿದ್ದ! ಡ್ರೈವರನೇ! ಭಾವ ಮನೆಯಲ್ಲಿದ್ದರು ಎಂದ ಮೇಲೆ ಉಳಿದದ್ದು ಅವನ ಬೀಗದ ಕೈ ಒಂದೇ. ಹನ್ನೊಂದು ವರ್ಷ ಅವಳ ಕಾರು ಓಡಿಸಿದವನು, ಅವಳು ಕೊಡಿಸಿದ ಕೋಟು ಹಾಕಿಕೊಂಡೇ ಅರೆಸ್ಟಾದ. ಹಾಲೆರೆದವರನ್ನೇ ಕಚ್ಚುವ ಹಾವು. ಟಿವಿಯಲ್ಲಿ ಅವನ ಮುಖ ಬಂದಾಗ ಚಪ್ಪಲಿ ಎಸೆಯಬೇಕೆನ್ನಿಸಿತು. ಪುಣ್ಯಕ್ಕೆ ಟಿವಿ ನಮ್ಮದೇ ಎಂದು ನೆನಪಾಯಿತು.

ಅತ್ತೆಯವರು ಇವತ್ತು ಮೊದಲ ಕಪ್ ಕಾಫಿ ನನ್ನ ಕೈಗೆ ಕೊಟ್ಟರು. ನನ್ನವರು, "ನಮ್ಮ ಮೇಡಂ ಸಾಕ್ಷಿ ಹೇಳಿದ್ದು ಪಕ್ಕಾ ಸಿನಿಮಾ" ಎಂದು ಭುಜ ತಟ್ಟಿದರು. ನಾನೀಗ ಈ ಮನೆಯವಳು.

ಮಾರ್ಚ್ ೧೫, ಶನಿವಾರ

ಡ್ರೈವರನ ಹೆಂಡತಿ ಬಂದಿದ್ದಳು. ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸವಂತೆ, ಕೈಯೆಲ್ಲ ಬಿಳಿಚಿಕೊಂಡಿತ್ತು. ಗೇಟಿನ ಸರಳು ಹಿಡಿದು ನಿಂತಳು.

"ಊಟ ಬಡಿಸಿದೋಳು ಯಾರು? ಅವಳ ಮುಖ ತೋರಿಸಿ ನಂಗೆ."

"ನಿನ್ನ ಗಂಡ ಮಾಡಿದ ಪಾಪಕ್ಕೆ ನಮ್ಮ ಸೊಸೆ ಮುಖ ಯಾಕೆ ನೋಡ್ತೀಯೇ? ನಡಿ ಆಚೆ!" ಎಂದರು ಅತ್ತೆಯವರು.

"ನನ್ನ ಗಂಡ ಬಾಗಿಲು ತೆಗೆದುಕೊಟ್ಟು ಕೆಳಗಿನ ಟೈರ್ ಅಂಗಡೀಲಿ ಕೂತಿದ್ದ. ಏಳಕ್ಕೆ ಮಗಳಿಗೆ ಔಷಧಿ ತರೋಕೆ ಹೋದ. ಅಷ್ಟೇ. ಅವನು ಆ ಯಮ್ಮನ ಕಾರಿಗೆ ಒಂದು ಗೀರು ಬಿದ್ರೂ ಊಟ ಬಿಡ್ತಿದ್ದೋನು."

"ನಾಟಕ ಸಾಕು. ನಾಯಿ ಬಿಡ್ತೀನಿ ಈಗ."

ನಮ್ಮಲ್ಲಿ ನಾಯಿಯೇ ಇಲ್ಲ. ನಾನು ಪರದೆಯ ಹಿಂದೆ ನಿಂತಿದ್ದೆ. ಎಂಥ ಧೈರ್ಯ ಆ ಹೆಂಗಸಿಗೆ! ಕೊಲೆಗಾರನ ಹೆಂಡತಿ ನಮ್ಮ ಗೇಟಿಗೆ ಬಂದು ನಮ್ಮನ್ನೇ ಕೇಳುವುದೆಂದರೇನು? ಆದರೂ ಹೊರಗೆ ಹೋಗಿ ಎರಡು ಮಾತು ಬಯ್ಯೋಣ ಎಂದುಕೊಂಡವಳು ಹೋಗಲಿಲ್ಲ.

ಮಾರ್ಚ್ ೧೯, ಬುಧವಾರ

ಬೆಳಗಿನ ಪೇಪರಿನಲ್ಲಿ ಹೀಗಿತ್ತು: ಗುಬ್ಬಿಯ ಬಲಗಿವಿಯಲ್ಲಿ ಕೆಂಪು ಚುಕ್ಕೆಯ ಇಯರ್‌ಪೀಸು ಸಿಕ್ಕಿದೆ, ಎಡಗಿವಿಯದು ಸಿಕ್ಕಿಲ್ಲ. ಡ್ರೈವರನ ಮನೆಯ ನೆಲ ಅಗೆದು ಹುಡುಕುತ್ತಿದ್ದಾರೆ.

ಅತ್ತೆಯವರಿಗೆ ಮಂಡಿನೋವು. ಆದ್ದರಿಂದ ಗುಬ್ಬಿಯ ಸುದ್ದಿ ಬಂದ ಮೇಲಿನ ಹನ್ನೊಂದು ದಿನದಲ್ಲಿ ಮೊದಲ ಸಲ ಬಟ್ಟೆ ಮೆಷಿನ್ ನನ್ನ ಕೈಗೆ ಬಂತು. ಭಾವನ ಬೂದು ಪ್ಯಾಂಟು ಮತ್ತೆ ಅದರಲ್ಲಿತ್ತು. ಈ ಹನ್ನೊಂದು ದಿನದಲ್ಲಿ ಅದನ್ನು ಮೂರು ಸಲ ಒಗೆದಾಗಿದೆ. ಡ್ರಮ್ಮು ತಿರುಗುವಾಗ ಕಟಕಟ ಸದ್ದು ಬಂತು. ಚಿಲ್ಲರೆ ಇರಬೇಕೆಂದು ಬಾಗಿಲ ರಬ್ಬರಿನ ಮಡಿಕೆಯೊಳಗೆ ಬೆರಳು ಹಾಕಿದೆ. ಜೆಲ್ಲಿಯಂಥದ್ದು. ನೀಲಿ ಚುಕ್ಕೆ.

ನೆಲದ ಮೇಲೆ ಕೂತೆ. ಅದನ್ನು ನನ್ನ ಎಡಗಿವಿಗೆ ಇಟ್ಟು ನೋಡಿದೆ. ಒತ್ತಿದೆ. ತಿರುಗಿಸಿ ಒತ್ತಿದೆ. ಕೂರಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಎರಡೂ ಡಬ್ಬಿಗೆ ಹೋದದ್ದನ್ನು, ಡಬ್ಬಿ ಅವಳ ಚೀಲಕ್ಕೆ ಹೋದದ್ದನ್ನು ನಾನೇ ನೋಡಿದ್ದೇನೆ. ಮತ್ತೆ ಅದು ಹೊರಗೆ ಬಂದಿದ್ದರೆ ಆರು ಗಂಟೆಯ ಮೇಲೆ, ಅಲ್ಲಿ, ಅವಳು ಹಾಡಲು ನಿಂತಾಗ. ಮೊದಲು ಎಡ ಹಾಕುವುದು ಯಾರು? ಆ ಪ್ಯಾಂಟಿನ ಜೇಬಿನವನು. ಹಾಗಾದರೆ ಏಳು ಗಂಟೆಗೆ ಒಳಗೆ ಹೋದ ಆ ತಟ್ಟೆಯ ಊಟ ಉಂಡವರು ಯಾರು?

ಸಂಜೆ ಇವರು ಬಂದ ಕೂಡಲೇ ತೋರಿಸಿದೆ. ರೂಮಿನ ಬಾಗಿಲು ಹಾಕಿಕೊಂಡರು. ಅಂಗೈಯಲ್ಲಿಟ್ಟು ನೋಡಿದರು. ಇದೇನು ಎಂದು ಕೇಳಲಿಲ್ಲ. ನಾನು ಅದಕ್ಕೇ ಕಾಯುತ್ತಿದ್ದೆ. ಒಮ್ಮೆ, ಸುಮ್ಮನೆ, ಇದೇನೇ ಎಂದು ಕೇಳಿದ್ದರೆ ಸಾಕಿತ್ತು. ಬಾತ್‌ರೂಮಿಗೆ ಹೋದರು. ಎರಡು ಸಲ ಫ್ಲಶ್ ಆಯಿತು.

"ಯಾವುದೋ ಗುಂಡಿ," ಎಂದರು ಕೈ ಒರೆಸಿಕೊಳ್ಳುತ್ತ.

"ಗುಂಡೀನ ಯಾರಾದ್ರೂ ಫ್ಲಶ್ ಮಾಡ್ತಾರೇನ್ರೀ?"

"ನೋಡು, ಬಡಿಸಿದೆ ಅಂದೋಳು ನೀನು. ಎರಡು ಸಲ ಅಂತ ಒಗ್ಗರಣೆ ಹಾಕಿದೋಳೂ ನೀನು. ಸಹಿ ನಿಂದು. ಸುಳ್ಳು ಸಾಕ್ಷಿಗೆ ಜೈಲು, ಗೊತ್ತು ತಾನೆ ಮೇಡಂ? ಅಣ್ಣ ಒಳಗೆ ಹೋದ್ರೆ ಹಿಂದೇನೇ ನೀನೂ. ಬಾಯಿಗೆ ಬೀಗ ಹಾಕ್ಕೊಂಡು ಹಾಯಾಗಿರು."

ಮೇಡಂ ಎಂದು ಅದೇ ದನಿಯಲ್ಲಿ ಕರೆದರು. ಅದೇ ನಗು.

ಮಾರ್ಚ್ ೨೦

ನನ್ನ ಫೋನು ರಿಪೇರಿಗೆ ಹೋಗಿದೆಯಂತೆ. ಕೆಟ್ಟಿರಲಿಲ್ಲ.

ಮಾರ್ಚ್ ೨೩, ಭಾನುವಾರ

ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಭಾವ ಬಂದ. ಕ್ಲಿಪ್ಪಿನ ಬುಟ್ಟಿ ಹಿಡಿದು ನಿಂತ. ನಾನೇನೋ ಅಂದೆ, ಅವನು ತಲೆ ತಿರುಗಿಸಿದ.

"ಈ ಕಡೆ ಬಾ ಕಾನ್ವೆಂಟು. ಎಡಗಿವಿ ಸತ್ತು ಎರಡು ವರ್ಷ ಆಯ್ತು. ಬಲದ್ದೂ ಹೋಗ್ತಾ ಇದೆ. ಸಣ್ಣ ಸೀಟಿ ಎಲ್ಲ ನಂಗೆ ಗೊತ್ತೇ ಆಗಲ್ಲ."

"ಅವಳಿಗೆ ಗೊತ್ತಿತ್ತಾ?"

"ಅವಳಿಗೆ ಮಾತ್ರ. ಸೀಟಿ ಬಂದ್ರೂ ಹಲ್ಲು ಕಚ್ಚಿ ಹಾಡೋಳು. ನನ್ನ ಕೈಯಲ್ಲಿ ಏನಾಗ್ತಿದೆ ಅಂತ ಒಂದು ನರಪಿಳ್ಳೆಗೂ ಹೇಳಲಿಲ್ಲ. ದೇವತೆ ಅವಳು." ಒಂದು ಕ್ಲಿಪ್ ತೆಗೆದು ಅಂಗಿಯ ತೋಳಿಗೆ ಸಿಕ್ಕಿಸಿದ. "ಅಂಥವಳು ಆವತ್ತು ನಿನ್ನ ಮುಂದೆ ಹೇಳಿದ್ಲು. ಮನೆಗೆ ಬಂದ ಹೊಸ ಹುಡುಗಿ ಮುಂದೆ. ನಾನು ಸಂಜೆ ಕೇಳೋಕೆ ಹೋದೆ, ಅಷ್ಟೇ. ಯಾಕಮ್ಮಾ ಹಾಗಂದೆ ಅಂತ ಕೇಳೋಕೆ."

ಗಾಳಿಗೆ ಹಾಸಿಗೆ ಬಟ್ಟೆ ನಮ್ಮಿಬ್ಬರ ನಡುವೆ ಬಂದು ಹೋಯಿತು.

"ಡ್ರೈವರ್‌ಗೆ ಸಣ್ಣ ಮಗಳಿದಾಳೆ ಭಾವ."

"ಏನಂದೆ? ಕೇಳಿಸ್ತಿಲ್ಲ."

ನಾನು ಅವನ ಬಲಕ್ಕೇ ನಿಂತಿದ್ದೆ.

ಬುಟ್ಟಿ ಕೆಳಗಿಟ್ಟು ಹೋದ. ಅವನು ಇವತ್ತಿಗೂ ಈ ಮನೆಯಲ್ಲಿ ನನ್ನನ್ನು ಅತಿ ಮೆತ್ತಗೆ ಮಾತಾಡಿಸುವ ಮನುಷ್ಯ.

ಏಪ್ರಿಲ್ ೫, ಶನಿವಾರ

ಹೊಸ ಊರು. ಗಂಡ ತಾನು ಕೆಲಸ ಮಾಡುವ ಲಿಫ್ಟ್ ಕಂಪನಿಯಲ್ಲಿ ಕೇಳಿ ವರ್ಗ ಮಾಡಿಸಿಕೊಂಡ. ಪೇಪರಿನವರ ಕಾಟವಂತೆ. ಜೊತೆಗೆ ಅವನ ತಾಯಿ, ನನ್ನನ್ನು "ನೋಡಿಕೊಳ್ಳಲು". ಭಾವ ಆ ಮನೆಯಲ್ಲೇ ಉಳಿದ. ಇಲ್ಲಿ ಹೊಲಿಗೆ ಅಂಗಡಿಯ ಮೇಲೆ ಎರಡು ಕೋಣೆ. ಅವಳು ತರಕಾರಿಗೆ ಹೋದರೆ ಹೊರಗಿನಿಂದ ಬೀಗ.

ಮ್ಯಾಜಿಸ್ಟ್ರೇಟರ ಮುಂದೆ ನಾನು ಮತ್ತೊಮ್ಮೆ ಹೇಳಿಕೆ ಕೊಡಬೇಕಂತೆ. ದಿನವೂ ಸಂಜೆ ಅಭ್ಯಾಸ. ಅತ್ತೆ ಕುರ್ಚಿಯ ಮೇಲೆ, ನಾನು ನಿಂತು.

"ಎಷ್ಟು ಗಂಟೆಗೆ?"

"ಏಳಕ್ಕೆ."

"ಏನು ಬಡಿಸಿದೆ?"

"ಮೀನು."

"ಮೀನಲ್ಲ, ಮೊಟ್ಟೆ ಅಂದಿದ್ದೆ!" ಎಂದ ಗಂಡ. "ಏಯ್, ಆವತ್ತು ಮನೇಲಿ ಮೊಟ್ಟೆ ಎಲ್ಲಿತ್ತೋ?" ಎಂದಳು ತಾಯಿ. ಇಬ್ಬರೂ ಕಾಲು ಗಂಟೆ ಜಗಳವಾಡಿದರು. ಯಾರೂ ಉಣ್ಣದ ಊಟಕ್ಕೆ ಏನು ಅಡುಗೆ ಎಂದು. ನಾನು ನಕ್ಕುಬಿಟ್ಟೆ. ಕೆನ್ನೆಗೆ ಬಿತ್ತು. ಹೊಡೆದವಳು ಅತ್ತೆ. ಅವನು ಪೇಪರು ಮಡಚಿಟ್ಟ.

ಏಪ್ರಿಲ್ ೧೨

ಮೀನು ಎಂದು ತೀರ್ಮಾನವಾಗಿದೆ.

ಏಪ್ರಿಲ್ ೨೨, ಮಂಗಳವಾರ

ಹೇಳಿಕೆ ಬರುವ ಶುಕ್ರವಾರ. ಕಂಪನಿಯ ಕಾರಿನಲ್ಲಿ ನನ್ನನ್ನು ನಡುವೆ ಕೂರಿಸಿಕೊಂಡು ಹೋಗುತ್ತಾರೆ. ಶುಕ್ರವಾರ ನಾನು ಅದೇ ಮಾತು ಹೇಳಿದರೆ ಡ್ರೈವರನ ಕಥೆ ಮುಗಿಯಿತು. ಅವನ ಪರ ಇರುವುದು ಒಬ್ಬ ವಕೀಲೆ ಮಾತ್ರ, ಮೊನ್ನೆಯ ಪೇಪರಿನಲ್ಲಿ ಅವಳ ಆಫೀಸಿನ ಫೋನ್ ನಂಬರು ಇತ್ತು. "ಊಟ ಬಡಿಸಿದೆ ಎಂದವರನ್ನು ಒಂದೇ ಒಂದು ಪ್ರಶ್ನೆ ಕೇಳಲು ಬಿಡಿ" ಎಂದು ಹೇಳಿದ್ದಳು. ನಂಬರು ಬಾಯಿಪಾಠ ಮಾಡಿದೆ. ಕಾನ್ವೆಂಟಿನಲ್ಲಿ ಕಲಿಸಿದ್ದು ಅದೊಂದೇ ಅಲ್ಲವೇ.

ಬ್ಲೌಸ್ ಬಿಗಿ ಎಂದು ಜಗಳ ತೆಗೆದೆ. ಅಳತೆ ಕೊಡಲು ಕೆಳಗೆ ಬಿಟ್ಟರು. ಅತ್ತೆ ಅಂಗಡಿಯ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂತಳು. ದರ್ಜಿ ಹೆಂಗಸು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನನ್ನನ್ನು ಪರದೆಯೊಳಗೆ ಎಳೆದಳು.

"ಆ ಮುದುಕಿ ಏನು, ನಿನ್ನ ಅತ್ತೇನೋ ವಾಚ್‌ಮನ್ನೋ?"

"ಅಕ್ಕಾ, ಒಂದು ಫೋನ್ ಮಾಡ್ಬೇಕು."

"ತವರಿಗಾ?"

"ವಕೀಲರಿಗೆ."

ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದಳು. ಫೋನು ಕೊಟ್ಟಳು. ಆಮೇಲೆ ಮೆಷಿನ್ನಿಗೆ ಕೂತು ಚಿಂದಿ ಬಟ್ಟೆಯಿಟ್ಟು ಸುಮ್ಮನೆ ತುಳಿಯತೊಡಗಿದಳು, ಅಂಗಡಿ ಅದುರುವ ಹಾಗೆ. "ಎಷ್ಟು ಹೊತ್ತ್ರೀ?" ಎಂದು ಅತ್ತೆ ಕೂಗಿದರೆ, "ತೋಳು ಬಿಚ್ಚಿ ಹೊಲೀಬೇಕು ತಾಯಿ, ಮೊದಲು ಹೊಲಿದೋರು ಯಾರೋ ಕುರುಡರು!" ಎಂದು ಇವಳೂ ಕೂಗಿದಳು.

ವಕೀಲೆಗೆ ಎಲ್ಲ ಹೇಳಿದೆ. ತಟ್ಟೆ, ಬಾಗಿಲು, ನೀಲಿ ಚುಕ್ಕೆ, ಎರಡು ಫ್ಲಶ್, ಮಹಡಿಯ ಮಾತು.

"ವಸ್ತು ಹೋಯ್ತು. ಉಳಿದಿರೋದು ನಿಮ್ಮ ಮಾತೊಂದೇ," ಎಂದಳು ಕೊನೆಗೆ. "ಮುಚ್ಚಿಡಲ್ಲ, ನಿಮ್ಮ ಮೇಲೂ ಕೇಸಾಗಬಹುದು. ನೀವಾಗೇ ಬಂದ್ರೆ ಕೋರ್ಟು ಅದನ್ನ ನೋಡುತ್ತೆ. ಆದ್ರೆ ನಾನು ಭಾಷೆ ಕೊಡೋಕಾಗಲ್ಲ."

"ಗೊತ್ತು ಮೇಡಂ. ಒಂದು ತಿಂಗಳಿಂದ ದಿನಾ ಅದನ್ನೇ ಹೇಳಿ ಹೆದರಿಸ್ತಿದಾರೆ. ಕೇಳಿ ಕೇಳಿ ಹೆದರಿಕೆ ಸವೆದುಹೋಯ್ತು."

"ಶುಕ್ರವಾರ ಅವರ ಜೊತೆಗೇ ಬಂದು, ಅಲ್ಲಿ ನಿಜ ಹೇಳಿಬಿಡಬಹುದಲ್ಲ?"

"ಇಲ್ಲ. ಇಬ್ಬರ ನಡುವೆ ಆರು ಗಂಟೆ ಹೊತ್ತು ಕಾರಲ್ಲಿ ಕೂತು ಬಂದ್ರೆ ನಾನು ಮೀನು ಅಂತಲೇ ಹೇಳಿಬಿಡ್ತೀನಿ. ನನ್ನ ಬಾಯಿ ನಂಗೆ ಗೊತ್ತು. ಯಾರಾದ್ರೂ ಪ್ರೀತಿಯಿಂದ ಕರೆದ್ರೆ ಸಾಕು ಅದಕ್ಕೆ."

ಮೆಷಿನ್ನು ತಡತಡ ಎನ್ನುತ್ತಲೇ ಇತ್ತು.

ಗುರುವಾರ ದೂರದ ಕಟ್ಟಡವೊಂದರಲ್ಲಿ ಲಿಫ್ಟ್ ಕೆಲಸ, ಗಂಡ ಐದಕ್ಕೇ ಹೊರಡುತ್ತಾನೆ. ಅತ್ತೆಯ ಗೊರಕೆ ಏಳರ ತನಕ ನಿಲ್ಲುವುದಿಲ್ಲ. ಅಡುಗೆಮನೆಯ ಹಿಂದಿನ ಮೆಟ್ಟಿಲು ಅಂಗಡಿಯೊಳಕ್ಕೇ ಇಳಿಯುತ್ತದೆ, ಕೆಳಗಿನ ಚಿಲಕ ದರ್ಜಿಯ ಕಡೆಗಿದೆ. ಐದೂವರೆಗೆ ತೆಗೆದಿಡುತ್ತಾಳೆ. ರೈಲಿನ ಟಿಕೆಟ್ಟನ್ನು ಇವತ್ತೇ ತರಿಸುತ್ತಾಳಂತೆ.

"ಹಾಗಾದ್ರೆ ಯಾವಾಗ ಬರ್ತೀರಿ?" ಎಂದು ವಕೀಲೆ ಕೇಳಿದಳು. "ಸ್ಟೇಷನ್ನಿಗೆ ನಾನೇ ಬರ್ತೀನಿ."

ಗುರುವಾರ, ಎಂದೆ. ಬೆಳಿಗ್ಗೆ ಆರು ಹತ್ತಕ್ಕೆ ಇಲ್ಲಿಂದ ಹೊರಟು ಮಧ್ಯಾಹ್ನ ಎರಡು ನಲವತ್ತಕ್ಕೆ ಅಲ್ಲಿ ಮುಟ್ಟುವ ಪ್ಯಾಸೆಂಜರ್.